ಪಂಚಾಯತ್ ದಾಖಲೆಯಲ್ಲಿರುವುದು ಯಾವ ಬ್ರಾಹ್ಮಿ?

ಕಾಸರಗೋಡು: ಜೀವವೈವಿಧ್ಯ ಕಾಯ್ದೆ ಬಂದದ್ದು 2002ರಲ್ಲಿ. ಪ್ರತಿ ಪಂಚಾಯತಿನಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡಮರ, ಪ್ರಾಣಿಪಕ್ಷಿ, ನಾಟಿ ತಳಿಗಳ ಜನತಾ ಜೀವವೈವಿಧ್ಯ ದಾಖಲೆ ತಯಾರಿಸಬೇಕು ಎಂಬುದು ವ್ಯವಸ್ಥೆ. ವರ್ಷಗಟ್ಟಲೆ ಕುಂಟುತ್ತಿದ್ದ ಕೆಲಸಕ್ಕೆ ವೇಗ ಸಿಕ್ಕಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರ ಜನವರಿ 31ರ ಗಡುವು ವಿಧಿಸಿದ ಬಳಿಕ. ದೇಶದಲ್ಲೀಗ ಎರಡೂವರೆ ಲಕ್ಷಕ್ಕೂ ಮಿಕ್ಕಿ ದಾಖಲೆಗಳಿವೆ. ಸಂಖ್ಯೆಯೇನೋ ತುಂಬಿತು. ಆದರೆ ಒಂದು ಪಂಚಾಯತಿನ ದಾಖಲೆಯನ್ನು ನೆರೆಯ ಪಂಚಾಯತಿನದ್ದರ ಜತೆ ಇಟ್ಟು ಓದಲು ಸಾಧ್ಯವೇ?

ಗಡಿನಾಡಿನ ಒಂದು ಉದಾಹರಣೆ ಸಾಕು. ಕನ್ನಡಿಗರಲ್ಲಿ ಹಲವರು ಬ್ರಾಹ್ಮಿ ಎನ್ನುವುದು ಒಂದೆಲಗಕ್ಕೆ, ಅಂದರೆ ತುಳುವರ ತಿಮರೆಗೆ. ಮಲಯಾಳದಲ್ಲಿ ಬ್ರಹ್ಮಿ ಎಂದರೆ ಒದ್ದೆ ನೆಲದಲ್ಲಿ ಹಬ್ಬುವ, ಸಣ್ಣ ದಪ್ಪ ಎಲೆಯ ಬೇರೆಯೇ ಗಿಡ. ಒಂದೆಲಗ ಅವರಿಗೆ ಕುಡಂಙಲ್. ಎರಡೂ ಔಷಧಿ ಗಿಡಗಳೇ. ದಾಖಲೆಯಲ್ಲಿ ಬರೀ ಬ್ರಾಹ್ಮಿ ಎಂದಿದ್ದರೆ ಮಾಹಿತಿ ಹೇಳಿದವರ ಮನೆಮಾತು ಯಾವುದೆಂದು ಹುಡುಕಿಕೊಂಡು ಹೋಗಬೇಕು! ಸೆಂಟೆಲ್ಲಾ ಏಷ್ಯಾಟಿಕಾ ಅಥವಾ ಬಕೋಪಾ ಮೊನ್ನಿಯೇರಿ ಎಂದು ವೈಜ್ಞಾನಿಕ ಹೆಸರನ್ನೂ ಬರೆದಿದ್ದರೆ ತಕರಾರಿಲ್ಲ.

ಇಂಥ ಗೊಂದಲ ನೀಗಿಸಲೆಂದೇ ಇರುವ ಅಂತಾರಾಷ್ಟ್ರೀಯ ಮಾನದಂಡ ಡಾರ್ವಿನ್ ಕೋರ್. 2009ರಲ್ಲಿ ಅಂಗೀಕೃತವಾದ ಇದು ಯಂತ್ರವೂ ಅಲ್ಲ, ಸಾಫ್ಟ್‌ವೇರೂ ಅಲ್ಲ. ಯಾವ ಜೀವಿ, ಎಲ್ಲಿ, ಯಾವಾಗ, ಕಂಡವರು ಯಾರು ಎಂಬ ಪ್ರಶ್ನೆಗಳಿಗೆ ಎಲ್ಲರೂ ಒಂದೇ ಹೆಸರಿನ ಕಾಲಂನಲ್ಲಿ ಉತ್ತರ ಬರೆಯುವ ಒಪ್ಪಂದ, ಅಷ್ಟೆ. ಇಸವಿ, ತಿಂಗಳು, ದಿನ ಈ ಕ್ರಮದಲ್ಲೇ ದಿನಾಂಕ ಬರೆಯಬೇಕು. 05/06 ಎಂದು ಬರೆದರೆ ಮಳೆಗಾಲದ ಜೂನ್ 5 ಎಂದೂ ಓದಬಹುದು, ಬೇಸಿಗೆಯ ಮೇ 6 ಎಂದೂ ಓದಬಹುದು. ಅಕ್ಷಾಂಶ ರೇಖಾಂಶ ಅದಲುಬದಲಾದರೆ ಕಾಸರಗೋಡಿನ ಕಾಸರಕ ಮರ ನಾರ್ವೆಯಿಂದಲೂ ಉತ್ತರದ ಸಮುದ್ರದಲ್ಲಿ ಬೆಳೆದಂತೆ ಕಂಪ್ಯೂಟರ್ ತೋರಿಸುತ್ತದೆ.

ಮಾಹಿತಿ ತುಂಬುವವರ ಮೇಲೆ ತಪ್ಪು ಹೊರಿಸುವುದು ಸುಲಭ. ಕಾಲಂಗಳ ಪಟ್ಟಿಯನ್ನಷ್ಟೇ ಕೈಗಿತ್ತು, ಅವು ಏತಕ್ಕೆಂದು ಹೇಳದಿದ್ದರೆ ಯಾರಾದರೂ ಖಾಲಿ ಬಿಟ್ಟಾರು. ಅರ್ಧ ದಿನ ಕೂರಿಸಿ, ಅವರದೇ ಪಂಚಾಯತಿನ ಹತ್ತು ಸಾಲುಗಳನ್ನು ಅವರಿಂದಲೇ ತಿದ್ದಿಸುವುದು ದಪ್ಪ ಕೈಪಿಡಿಗಿಂತ ಹೆಚ್ಚು ಉಪಕಾರಿಯಾದೀತು.

ಮಾನದಂಡವೆಂದರೆ ಊರಿನ ಹೆಸರಿಗೆ ಕತ್ತರಿ ಎಂಬ ಆತಂಕವೂ ಇದೆ. ವಾಸ್ತವ ಅದಲ್ಲ. ಡಾರ್ವಿನ್ ಕೋರ್‌ನಲ್ಲಿ ಆಡುಹೆಸರಿಗೆಂದೇ ಜಾಗವಿದೆ. ಅದರ ಜತೆ ಬಳಸುವ ವಿಸ್ತರಣಾ ಪಟ್ಟಿಯಲ್ಲಿ ಒಂದೇ ಗಿಡಕ್ಕೆ ಕನ್ನಡ, ತುಳು, ಮಲಯಾಳ ಹೆಸರುಗಳನ್ನು ಭಾಷೆ ನಮೂದಿಸಿ ಬೇರೆಬೇರೆ ಸಾಲಿನಲ್ಲಿ ಬರೆಯಬಹುದು. ಮಲಯಾಳದಲ್ಲಿ ಮಾತ್ರ ತುಂಬಿದ ದಾಖಲೆಯಲ್ಲಿ ತಿಮರೆ ಕಾಣಿಸದಿದ್ದರೆ ಅದಕ್ಕೆ ಮಾನದಂಡ ಹೊಣೆಯಲ್ಲ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸಮಿತಿಗಳು ದಾಖಲೆ ಪರಿಷ್ಕರಿಸುವಾಗ ಈ ಸಾಲುಗಳನ್ನು ಕೇಳಿ ಬರೆಸಬೇಕು.

ಊರಿನ ಜೈವಿಕ ಸಂಪನ್ಮೂಲದ ಬಳಕೆಯ ಕುರಿತು ತೀರ್ಮಾನಿಸುವಾಗ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯ ಮಂಡಳಿಗಳು ಆ ಊರಿನ ಸಮಿತಿಯೊಡನೆ ಸಮಾಲೋಚಿಸಬೇಕು ಎನ್ನುತ್ತದೆ ಕಾಯ್ದೆಯ 41ನೇ ಸೆಕ್ಷನ್. ಆ ಹೊತ್ತಿಗೆ ಸಮಿತಿಯ ಕೈಯಲ್ಲಿರುವ ಆಧಾರ ಈ ದಾಖಲೆ. ಅದರಲ್ಲಿರುವುದು ಯಾವ ಬ್ರಾಹ್ಮಿ ಎಂದು ಸಮಿತಿಗೇ ಗೊತ್ತಿಲ್ಲದಿದ್ದರೆ ಮಾತುಕತೆ ಯಾವ ಗಿಡದ ಬಗ್ಗೆ?