ಹೊಸ ಹಸು ತಂದರೆ ಮೊದಲು ಬೇರೆ ಕಟ್ಟಿ

ಸಹೋದರಿಯರೇ, ಅಲ್ಪಾಕಾ ಎಂಬ ಪ್ರಾಣಿ ಇದೆ. ದಕ್ಷಿಣ ಅಮೆರಿಕದ ಪೆರು ದೇಶದ್ದು. ಒಂಟೆಯ ಬಳಗ, ಆದರೆ ಡುಬ್ಬ ಇಲ್ಲ, ಮೈತುಂಬ ಉಣ್ಣೆ. ಅದರ ಸುದ್ದಿ ನಮಗೇಕೆ ಎನ್ನಬೇಡಿ. ಅಮೆರಿಕ, ಕೆನಡಾ, ಇಂಗ್ಲೆಂಡಿನಲ್ಲಿ ಅಲ್ಪಾಕಾ ಸಾಕುವವರನ್ನು ಕಾಡಿದ ಬಿ.ವಿ.ಡಿ. ಎಂಬ ವೈರಸ್ ಮೂಲತಃ ದನಗಳದ್ದು. ನಮ್ಮ ದೇಶದ ಹಸು, ಎಮ್ಮೆಗಳಲ್ಲೂ ಅದು ಪತ್ತೆಯಾಗಿದೆ.

ಅಲ್ಲಿ ಹೆಣ್ಣು ಅಲ್ಪಾಕಾವನ್ನು ಗಂಡಿಗೆ ಬಿಡಲು ಬೇರೆ ಫಾರಂಗೆ ಕರೆದೊಯ್ಯುವಾಗ ಹಾಲು ಕುಡಿಯುವ ಮರಿಯೂ ಜೊತೆಗೆ ಹೋಗುತ್ತದೆ. ಮರಿಗೆ ಸೋಂಕಿದ್ದರೆ ಅಲ್ಲಿನ ಗಬ್ಬದ ಪ್ರಾಣಿಗಳಿಗೂ ಅಂಟುತ್ತದೆ.

ನಮ್ಮ ಹಸುವಿನಲ್ಲೂ ಹೀಗೆಯೇ. ಗಬ್ಬದ ಮೊದಲ ನಾಲ್ಕು ತಿಂಗಳೊಳಗೆ ತಾಯಿಗೆ ಈ ವೈರಸ್ ತಗುಲಿದರೆ, ಹೊಟ್ಟೆಯಲ್ಲಿರುವ ಕರುವಿನ ಮೈ ಅದನ್ನು ಶತ್ರುವೆಂದು ಗುರುತಿಸುವುದೇ ಇಲ್ಲ. ಅಂಥ ಕರು ಹುಟ್ಟಿ ಬದುಕಿದರೆ ಬದುಕಿರುವಷ್ಟು ಕಾಲ ಜೊಲ್ಲು, ಸಿಂಬಳ, ಸಗಣಿ, ಗಂಜಲದಲ್ಲಿ ವೈರಸ್ ಹರಡುತ್ತಿರುತ್ತದೆ. ಕೆಲವು ಬಡಕಲಾಗಿರುತ್ತವೆ, ಕೆಲವು ದಷ್ಟಪುಷ್ಟವಾಗಿಯೇ ಇರುತ್ತವೆ. ಪಕ್ಕದಲ್ಲಿ ಕಟ್ಟಿದ ಹಸು ಮಾತ್ರ ಗಬ್ಬ ನಿಲ್ಲದೆ ಮತ್ತೆ ಮತ್ತೆ ಬೆದೆಗೆ ಬರುತ್ತದೆ, ಇಲ್ಲವೇ ಕಂದು ಹಾಕುತ್ತದೆ. ಆಗ ದೃಷ್ಟಿ ತಾಗಿತು ಎನ್ನುತ್ತೇವೆ, ಅಥವಾ ಕೃತಕ ಗರ್ಭಧಾರಣೆ ಮಾಡಿದವರನ್ನು ಬೈಯುತ್ತೇವೆ. ಪಾಪ, ಎಲ್ಲ ಸಲವೂ ತಪ್ಪು ಅವರದಲ್ಲ.

ಕಾಲುಬಾಯಿ ಜ್ವರ, ಚರ್ಮಗಂಟು ರೋಗ ಕಣ್ಣಿಗೆ ಕಾಣುತ್ತವೆ, ಹಾಗಾಗಿ ಹೆದರುತ್ತೇವೆ. ಕಾಣದ ರೋಗಕ್ಕೂ ಅಷ್ಟೇ ಹೆದರಬೇಕು ಎನ್ನುವುದು ನನ್ನ ಅಭಿಪ್ರಾಯ. ಸಂತೆಯಿಂದ ಹಸು ತರುವವರು ಹೆಚ್ಚಾಗಿ ಮನೆಯ ಗಂಡಸರು. ಎಲ್ಲಿ ಕಟ್ಟಬೇಕು ಎಂದು ಹೇಳಬೇಕಾದವರು ನೀವು. ಮೂರು ವಾರ ಬೇರೆ ಕಟ್ಟಿ, ನೀರಿನ ಬಕೆಟ್ ಬೇರೆ ಇಡಿ, ಅದರ ಹಾಲನ್ನು ಕೊನೆಗೆ ಕರೆಯಿರಿ. ಜಾಗವಿಲ್ಲ ಎನ್ನುತ್ತೀರಿ, ಗೊತ್ತು. ಹಿತ್ತಿಲ ಮರದ ಕೆಳಗೆ ಒಂದು ಗೂಟ ಸಾಕು.

ಆದರೆ ಹುಟ್ಟಿನಿಂದ ಬಿ.ವಿ.ಡಿ. ಹೊತ್ತು ಬಂದ ದನಕ್ಕೆ ಮೂರು ವಾರದ ಲೆಕ್ಕ ಸಾಲದು. ಅದನ್ನು ರಕ್ತ ಅಥವಾ ಕಿವಿಯ ಚೂರಿನ ಪರೀಕ್ಷೆಯಿಂದಲೇ ಕಂಡುಹಿಡಿಯಬೇಕು. ಗಬ್ಬದ ಹಸು ಕೊಂಡಿದ್ದರೆ ಹುಟ್ಟಿದ ಕರುವನ್ನೂ ಪರೀಕ್ಷಿಸಬೇಕು. ಈ ಖರ್ಚನ್ನು ಒಕ್ಕೂಟವೇ ಹೊರಬೇಕು. ನಿಮ್ಮ ಸಂಘದ ಸಭೆಯಲ್ಲಿ ಕೇಳಿ, ನಾನೂ ಕೇಳುತ್ತೇನೆ.

ಹಸು ಕಂದು ಹಾಕಿದರೆ ಬರಿಗೈಯಲ್ಲಿ ಮುಟ್ಟಬೇಡಿ. ಬಿ.ವಿ.ಡಿ. ಮನುಷ್ಯರಿಗೆ ಬರುವುದಿಲ್ಲ, ಬ್ರೂಸೆಲ್ಲಾ ಬರುತ್ತದೆ. ಯಾವುದೆಂದು ನೋಡಿ ಹೇಳಲು ನನಗೂ ಆಗುವುದಿಲ್ಲ. ನಾಯಿ ಎಳೆಯದಂತೆ ಮುಚ್ಚಿಟ್ಟು ಫೋನ್ ಮಾಡಿ. ಮಾದರಿ ತೆಗೆದ ಮೇಲೆ ಸುಣ್ಣ ಹಾಕಿ ಆಳವಾಗಿ ಹೂಳೋಣ.