ಬ್ಲಾಕು, ಸ್ಲೈಡು ರೋಗಿಯ ಕೈಗೆ ಸಿಗಲಿ

ಮಾನ್ಯ ಆರೋಗ್ಯ ಸಚಿವರೇ,

ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಬೆನ್ನಿಗೇ ಆಪರೇಷನ್ನಿಗೆ ದಿನ ಗೊತ್ತುಮಾಡಿದರು. ಇನ್ನೊಬ್ಬ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇವೆ ಎಂದಾಗ ಆ ಆಸ್ಪತ್ರೆಯವರು ಕೊಟ್ಟದ್ದು ಬಯಾಪ್ಸಿ ರಿಪೋರ್ಟ್ ಒಂದನ್ನೇ. ಎರಡನೇ ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದು, 'ಬ್ಲಾಕ್ ಎಲ್ಲಿ, ಸ್ಲೈಡ್ ಎಲ್ಲಿ?' ಅವನ್ನು ಕೇಳಿ ಪಡೆಯಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ.

ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು ಬ್ಲಾಕ್. ಅದರ ತೆಳು ಪದರವನ್ನು ಗಾಜಿನ ಮೇಲಿಟ್ಟು ಬಣ್ಣ ಹಾಕಿದರೆ ಸ್ಲೈಡ್. ಎರಡನೇ ಪೆಥಾಲಜಿಸ್ಟ್ ತಾವೇ ಕಣ್ಣಾರೆ ನೋಡಬೇಕಾದದ್ದು ಇವನ್ನು. ಬರೀ ಕಾಗದ ಕೊಟ್ಟರೆ ಮೊದಲನೆಯವರು ಬರೆದದ್ದನ್ನೇ ಅವರೂ ನಂಬಬೇಕಾಗುತ್ತದೆ. ಆ ಚೂರಿನಲ್ಲಿ ಹರ್-2 ಎಂಬ ಪ್ರೋಟೀನಿನ ಪರೀಕ್ಷೆ ಪಾಸಿಟಿವೋ ನೆಗೆಟಿವೋ ಎಂಬುದರ ಮೇಲೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿ ಕೊಡುವುದು ನಿಂತಿದೆ. ಕೆಲವರಿಗೆ ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿಸಿದರೆ ಸ್ತನ ಉಳಿಸಿಕೊಂಡೇ ಆಪರೇಷನ್ ಮಾಡಲು ಬರುತ್ತದೆ. ಪೂರ್ತಿ ತೆಗೆದುಹಾಕಿದ ಮೇಲೆ ಇದನ್ನು ತಿಳಿದು ಆ ಹೆಣ್ಣುಮಗಳಿಗೆ ಏನು ಪ್ರಯೋಜನ?

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ ಎರಡನೇ ಅಭಿಪ್ರಾಯ ಪಡೆಯುವ ಹಕ್ಕು ಇದೆ. ಅದಕ್ಕೆ ಬೇಕಾದ ದಾಖಲೆಗಳನ್ನು ಆಸ್ಪತ್ರೆ ತಡಮಾಡದೆ, ಹೆಚ್ಚುವರಿ ಹಣ ಕೇಳದೆ ಕೊಡಬೇಕೆಂದೂ ಇದೆ. ಆದರೆ ಕೌಂಟರಿನ ಮುಂದೆ ನಿಂತವರಿಗೆ ಇದು ಗೊತ್ತಿಲ್ಲ. ಗೊತ್ತಿದ್ದವರೂ ಡಾಕ್ಟರು ಬೇಸರ ಮಾಡಿಕೊಂಡಾರು ಎಂದು ಬಾಯಿ ಬಿಡುವುದಿಲ್ಲ.

ವೈದ್ಯರ ಮೇಲಿನ ಅನುಮಾನದಿಂದ ಇದನ್ನು ಬರೆಯುತ್ತಿಲ್ಲ. ತೀವ್ರ ಲ್ಯುಕೇಮಿಯಾದಂಥ ಕಾಯಿಲೆಯಲ್ಲಿ ಎರಡನೇ ಅಭಿಪ್ರಾಯಕ್ಕೆಂದು ಕಾಯುವುದೇ ಅಪಾಯ. ಎಷ್ಟು ದಿನ ಕಾಯಬಹುದೆಂದು ಹೇಳಬೇಕಾದವರೂ ವೈದ್ಯರೇ. ಆ ಒಂದು ಮಾತು ಸಿಕ್ಕರೆ ಮನೆಯವರು ಗಾಬರಿಯಲ್ಲಿ ಸಹಿ ಹಾಕುವುದು ತಪ್ಪುತ್ತದೆ.

ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ನೋಂದಾಯಿಸಿರುವ ಆಸ್ಪತ್ರೆ, ಲ್ಯಾಬುಗಳಿಗೆಲ್ಲ ಒಂದು ಸುತ್ತೋಲೆ ಕಳಿಸಿ. ಬ್ಲಾಕು, ಸ್ಲೈಡು, ಸ್ಕ್ಯಾನಿನ ಸಿ.ಡಿ. ಪಡೆಯಬಹುದೆಂದು ಪ್ರತಿ ಬಯಾಪ್ಸಿ ರಿಪೋರ್ಟಿನ ಕೆಳಗೆ ಕನ್ನಡದಲ್ಲಿ ಅಚ್ಚಾಗಲಿ. ರಾಯಚೂರಿನ ಕೂಲಿ ಹೆಣ್ಣುಮಗಳೊಬ್ಬಳು ಬ್ಲಾಕನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಂಗಳೂರಿನ ಬಸ್ಸು ಹತ್ತುವಂತಾಗಬಾರದು. ಜಿಲ್ಲಾಸ್ಪತ್ರೆಯೇ ಅದನ್ನು ಅಲ್ಲಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸಿ, ಉತ್ತರ ತರಿಸಿಕೊಡಲಿ. ಸಾಗಣೆಯ ಮತ್ತು ಮರುಪರೀಕ್ಷೆಯ ಖರ್ಚನ್ನು ಸರ್ಕಾರ ಭರಿಸಲಿ. ಈ ಬಗ್ಗೆ ನಿಮ್ಮ ಇಲಾಖೆ ಏನು ಮಾಡಲಿದೆ ಎಂದು ಬಹಿರಂಗವಾಗಿಯೇ ತಿಳಿಸಬೇಕೆಂದು ಕೋರುತ್ತೇನೆ.