ಟ್ಯಾಂಕ್‌ಗೆ ಎಸೆದ ಬಾಟಲಿ, ಬಸ್ಸಿಗೆ ತಗುಲಿದ ಕಿಚ್ಚು

ತೆಂಗಿನ ಸೀಮೆಗೆ ಬೆಂಕಿಯ ಭಯ ತುಸು ಹೆಚ್ಚು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳಲ್ಲಿ ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಅದು ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾಯಬೇಕು. ಕೊಬ್ಬರಿಯ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಎಣ್ಣೆ. ಸುತ್ತಲೂ ಮಟ್ಟೆ, ನಾರು, ಒಣಗರಿ. ಕಿಡಿಯೊಂದು ಸಾಕು, ವರ್ಷದ ದುಡಿಮೆ ಬೂದಿ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂ. ಇತ್ತು. ಮಾರುಕಟ್ಟೆ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದಾಗ ಬೆಳೆಗಾರರು ಬೀದಿಗಿಳಿದರು. ಅವರ ಸಿಟ್ಟು ನ್ಯಾಯವಾದದ್ದೇ. ಆದರೆ ಇಂಥ ಸಿಟ್ಟಿನ ನಡುವೆ ಯಾರೋ ಒಬ್ಬ ಪೆಟ್ರೋಲ್ ಬಾಟಲಿ ಹಿಡಿದು ಬಂದರೆ ಚಳವಳಿಯ ಗತಿ ಏನು?

ಆ ಬಾಟಲಿ ಹುಟ್ಟಿದ್ದು ರಣರಂಗದಲ್ಲಿ. 1936ರ ಸ್ಪೇನ್ ಅಂತರ್ಯುದ್ಧದಲ್ಲಿ ಫ್ರಾಂಕೋ ಪಡೆಗಳು ಸೋವಿಯತ್ ಟ್ಯಾಂಕ್‌ಗಳ ಮೇಲೆ ಅದನ್ನು ಎಸೆದವು. 1939ರಲ್ಲಿ ಫಿನ್ಲೆಂಡ್ ಮೇಲೆ ಬಾಂಬು ಸುರಿಸುತ್ತ, ಹಸಿದವರಿಗೆ ಆಹಾರ ಹಾಕುತ್ತಿದ್ದೇವೆ ಎಂದಿದ್ದ ಸೋವಿಯತ್ ವಿದೇಶಾಂಗ ಸಚಿವ ಮೊಲೊಟೊವ್‌ನನ್ನು ಅಣಕಿಸಲು ಫಿನ್ನರು ಅದಕ್ಕೆ ಅವನ ಹೆಸರನ್ನೇ ಇಟ್ಟರು. ಆ ಊಟದ ಜೊತೆಗೆ ಈ ಪಾನೀಯ ಎಂಬ ಕುಹಕ! ಅಲ್ಲಿನ ಸರ್ಕಾರಿ ಮದ್ಯ ಸಂಸ್ಥೆಯೇ ಲಕ್ಷಗಟ್ಟಲೆ ಬಾಟಲಿ ತಯಾರಿಸಿತು. 1956ರ ಬುಡಾಪೆಸ್ಟ್, 2022ರ ಕೀವ್ ನಗರಗಳಲ್ಲೂ ಅದು ಉಕ್ಕಿನ ಯಂತ್ರದ ಎದುರು ಬರಿಗೈ ನಾಗರಿಕನ ಕೊನೆಯ ಅಸ್ತ್ರವಾಗಿತ್ತು.

ನಮ್ಮ ಬೀದಿಗಳಲ್ಲಿ ಕಿಚ್ಚಿನ ಎದುರು ಯಾವ ಟ್ಯಾಂಕೂ ಇರಲಿಲ್ಲ. 2016ರ ಸೆಪ್ಟೆಂಬರ್ 12ರಂದು ಕಾವೇರಿ ಗಲಭೆಯಲ್ಲಿ ಬೆಂಗಳೂರಿನ ಡಿಪೊವೊಂದರಲ್ಲಿ ನಿಂತಿದ್ದ ತಮಿಳುನಾಡು ಮೂಲದ ಖಾಸಗಿ ಸಂಸ್ಥೆಯ ಹತ್ತಾರು ಬಸ್ಸುಗಳು ಸುಟ್ಟು ಕರಕಲಾದವು. ಹಾಗೆಂದು ಕಾವೇರಿಯಲ್ಲಿ ನೀರೇನೂ ಹೆಚ್ಚಲಿಲ್ಲ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಗಳಲ್ಲಿ ಶಾಸಕರ ಮನೆ, ವಾಹನಗಳು ಉರಿದವು. ನಷ್ಟದ ಲೆಕ್ಕಕ್ಕೆ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಯೊಬ್ಬರನ್ನು ನೇಮಿಸಬೇಕಾಯಿತು.

ಕಾನೂನು ಬೆಂಕಿಯನ್ನು ಕಲ್ಲಿನಂತೆ ಕಾಣುವುದಿಲ್ಲ. ಸಾರ್ವಜನಿಕ ಆಸ್ತಿಗೆ ಬೆಂಕಿ ಹಚ್ಚಿದರೆ 1984ರ ಕೇಂದ್ರ ಕಾಯ್ದೆಯಡಿ 10 ವರ್ಷಗಳವರೆಗೆ ಕಠಿಣ ಸಜೆ. ಇನ್ನೂ ಬಿಗಿಯಾದ ಕುಣಿಕೆ 2009ರ ಸುಪ್ರೀಂಕೋರ್ಟ್ ತೀರ್ಪಿನದು: ನಷ್ಟದ ಹೊಣೆ ಕೃತ್ಯ ಎಸಗಿದವರಿಗಷ್ಟೇ ಅಲ್ಲ, ಕಾರ್ಯಕ್ರಮದ ಸಂಘಟಕರಿಗೂ ಉಂಟು. ಬಾಟಲಿ ಎಸೆದವನು ಗುಂಪಿನಲ್ಲಿ ಕರಗಿಹೋಗುತ್ತಾನೆ. ಸುಲಭವಾಗಿ ಕೈಗೆ ಸಿಗುವುದು ಧರಣಿಗೆ ಅನುಮತಿ ಕೋರಿ ಠಾಣೆಯಲ್ಲಿ ಅರ್ಜಿಗೆ ಸಹಿ ಹಾಕಿದ ಬೆಳೆಗಾರ. ಅವನ ಆಸ್ತಿಯೆಂದರೆ ಒಂದಿಷ್ಟು ತೋಟ, ಅಟ್ಟದ ಮೇಲಿನ ಕೊಬ್ಬರಿ.